ಗ್ರೋವ್ ಕಾರ್ಲ್ ಗಿಲ್ಬರ್ಟ್: ಚಂದ್ರನ ಗಾಯಗಳನ್ನು ಓದಿದ ಭೂವಿಜ್ಞಾನಿ

ಬೋಧನಾಭ್ಯಾಸದ ಎರಡನೆಯ ವಾರ. ಮಳವಳ್ಳಿ ಸಮೀಪದ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ಕೆಲಸ ಮತ್ತು ಶಕ್ತಿ ಪಾಠ ನನ್ನ ಪಾಲಿಗೆ ಬಂದಿತ್ತು. ಚಲನಶಕ್ತಿಯನ್ನು ಬರೀ ಸೂತ್ರವಾಗಿ ಕಲಿಸುವುದು ಬೇಡವೆಂದು ಒಂದು ಪ್ರಾತ್ಯಕ್ಷಿಕೆ ಯೋಚಿಸಿದೆ. ಗಾರೆ ಕೆಲಸದ ಬಾಂಡ್ಲಿಯಲ್ಲಿ ಜರಡಿ ಹಿಡಿದ ಕೆಮ್ಮಣ್ಣು, ಅದರ ಮೇಲೆ ತೆಳ್ಳಗೆ ರಂಗೋಲಿ ಪುಡಿ. ಮೇಲಿನಿಂದ ಗೋಲಿ ಬಿಟ್ಟರೆ ಕುಳಿ ಬೀಳುತ್ತದೆ, ಕೆಂಪು ಮಣ್ಣು ಬಿಳಿಯ ಮೇಲೆ ಸುತ್ತಲೂ ಚಿಮ್ಮುತ್ತದೆ. ಎತ್ತರ ಹೆಚ್ಚಿದಷ್ಟೂ ಕುಳಿ ದೊಡ್ಡದು. ಚಂದ್ರನ ಕುಳಿಗಳೂ ಹೀಗೇ ಆದವು ಎಂದು ಹೇಳಿ, ಚಿತ್ರ ತೋರಿಸಿ, ಅಲ್ಲಿಂದ ಸೂತ್ರಕ್ಕೆ ಬರಬೇಕೆಂಬುದು ನನ್ನ ಪಾಠಯೋಜನೆ. ಎಲ್ಲ ಸರಿಯಾಗಿಯೇ ನಡೆಯಿತು. ಕೊನೆಯಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಮುಂದೆ ಬಂದು ಗೋಲಿಯನ್ನು ಓರೆಯಾಗಿ ಬೀಸಿ ಎಸೆದ. ಕುಳಿ ದುಂಡಗೆ ಬೀಳಲಿಲ್ಲ, ಸೌತೆಕಾಯಿಯ ಹಾಗೆ ಉದ್ದಕ್ಕೆ ಬಿತ್ತು. ಆಕಾಶದ ಕಲ್ಲುಗಳೆಲ್ಲ ನೆಟ್ಟಗೇ ಬೀಳುತ್ತವೆಯೇ, ಇಲ್ಲದಿದ್ದರೆ ಚಂದ್ರನ ಗುಂಡಿಗಳೆಲ್ಲ ಯಾಕೆ ದುಂಡಗಿವೆ ಎಂದು ಅವನು ಕೇಳಿದ.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಬದಲು, ದೂರದಿಂದ ನೋಡುವುದರಿಂದ ಹಾಗೆ ಕಾಣುತ್ತವೆ ಎಂದು ಏನೋ ಹೇಳಿ ಗಂಟೆ ಹೊಡೆಯುವವರೆಗೆ ಸಾಗಹಾಕಿದೆ. ವೀಕ್ಷಣೆಗೆ ಕುಳಿತಿದ್ದ ಉಪನ್ಯಾಸಕರು ತಮ್ಮ ಹಾಳೆಯಲ್ಲಿ ಆ ಉತ್ತರದ ಎದುರು ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು, ಅಷ್ಟೆ. ಸರಿಯಾದ ಉತ್ತರ ಹುಡುಕುತ್ತ ಹೋದಾಗ ಸಿಕ್ಕವರು ಅಮೆರಿಕದ ಭೂವಿಜ್ಞಾನಿ ಗ್ರೋವ್ ಕಾರ್ಲ್ ಗಿಲ್ಬರ್ಟ್. ನೂರಮೂವತ್ತು ವರ್ಷಗಳ ಹಿಂದೆ ಅವರೂ ಇದೇ ಪ್ರಶ್ನೆಯ ಮುಂದೆ ನಿಂತಿದ್ದರು. ಅವರ ಉತ್ತರವೂ ತಪ್ಪಾಗಿತ್ತು. ಆದರೆ ಅವರು ತಪ್ಪಿದ ರೀತಿಗೂ ನಾನು ತಪ್ಪಿದ ರೀತಿಗೂ ಬಹಳ ವ್ಯತ್ಯಾಸವಿದೆ. ಅದಕ್ಕಾಗಿಯೇ ಅವರ ಬದುಕನ್ನು ಇಲ್ಲಿ ಬರೆಯುತ್ತಿದ್ದೇನೆ.

ಗಿಲ್ಬರ್ಟ್ ಹುಟ್ಟಿದ್ದು 1843ರ ಮೇ 6ರಂದು, ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ಪಟ್ಟಣದಲ್ಲಿ. ತಂದೆ ತಾವಾಗಿಯೇ ಕುಂಚ ಹಿಡಿದು ಕಲಿತ ಭಾವಚಿತ್ರ ಕಲಾವಿದರು. ಮನೆಯಲ್ಲಿ ಹಣ ಕಡಿಮೆ, ಓದು ಹೆಚ್ಚು. ಹುಡುಗ ಮೈಯಲ್ಲಿ ಬಡಕಲು. ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಗ್ರೀಕ್ ಮುಂತಾದ ಭಾಷೆ, ಗಣಿತಗಳನ್ನು ಓದಿ 1862ರಲ್ಲಿ ಪದವಿ ಪಡೆದರು. ಮುಂದೆ ದೇಶದ ಮೊದಲ ಸಾಲಿನ ಭೂವಿಜ್ಞಾನಿಯಾದವರು ಕಾಲೇಜಿನಲ್ಲಿ ಆ ವಿಷಯವನ್ನು ಓದಿದ್ದು ಅತ್ಯಲ್ಪ.

ಪದವಿ ಮುಗಿದೊಡನೆ ಸಿಕ್ಕ ಕೆಲಸ ಮೇಷ್ಟ್ರ ಕೆಲಸ. ಮಿಷಿಗನ್ ರಾಜ್ಯದ ಜಾಕ್ಸನ್ ಎಂಬ ಊರಿನ ಶಾಲೆ. ಅವರಿಗಾಗ ಹತ್ತೊಂಬತ್ತು ವರ್ಷ. ತುಂಟ ಹುಡುಗರ ತರಗತಿಯನ್ನು ಹಿಡಿತಕ್ಕೆ ತರಲು ಅವರಿಂದ ಆಗಲಿಲ್ಲ. ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟು ಊರಿಗೆ ಮರಳಿದರು. ಬಿ.ಇಡಿ. ಓದುವ ನಮಗೆ ಈ ಸಂಗತಿ ಸ್ವಲ್ಪ ಸಮಾಧಾನ ಕೊಡುತ್ತದೆ ಎಂದು ಬರೆದರೆ ನಮ್ಮ ಉಪನ್ಯಾಸಕರು ಬೇಸರಿಸಲಾರರು ಎಂದುಕೊಳ್ಳುತ್ತೇನೆ.

ಊರಿಗೆ ಬಂದು ಸೇರಿದ್ದು ಶಾಲಾ ಕಾಲೇಜುಗಳಿಗೆ ಕಲ್ಲು, ಪಳೆಯುಳಿಕೆ, ಎಲುಬುಗೂಡುಗಳನ್ನು ಒದಗಿಸುವ ವಾರ್ಡ್ ಎಂಬುವರ ಸಂಸ್ಥೆಗೆ. ಐದು ವರ್ಷ ಅಲ್ಲಿ ಕಲ್ಲುಗಳಿಗೆ ಚೀಟಿ ಅಂಟಿಸಿ ಜೋಡಿಸುವ ಕೆಲಸ. ನಿಜವಾದ ಭೂವಿಜ್ಞಾನವನ್ನು ಅವರು ಕಲಿತದ್ದು ಅಲ್ಲೇ. 1866ರಲ್ಲಿ ಕೊಹೋಸ್ ಜಲಪಾತದ ಬಳಿ ಆನೆಯ ದೂರದ ನಂಟ ಮ್ಯಾಸ್ಟೊಡಾನ್‌ನ ಎಲುಬುಗಳು ಬಂಡೆಯೊಳಗಿನ ಒಂದು ಆಳವಾದ ಗುಳಿಯಲ್ಲಿ ಸಿಕ್ಕವು. ಮೇಕೆದಾಟಿನ ಬಂಡೆಗಳಲ್ಲಿ ಕಾವೇರಿ ನೀರು ಕೊರೆದ ಮಡಕೆಯಂಥ ಗುಳಿಗಳನ್ನು ನೋಡಿದವರಿಗೆ ಅದು ಎಂಥ ಗುಳಿಯೆಂದು ತಿಳಿಯುತ್ತದೆ. ಎಲುಬು ತೆಗೆಯಲು ಹೋದ ಗಿಲ್ಬರ್ಟ್ ಎಲುಬಿಗಿಂತ ಗುಳಿಯ ಕಡೆಗೇ ಹೆಚ್ಚು ಗಮನ ಕೊಟ್ಟರು. ಇದನ್ನು ನೀರು ಎಷ್ಟು ಕಾಲ ಕೊರೆದಿರಬೇಕು, ಜಲಪಾತ ವರ್ಷಕ್ಕೆ ಎಷ್ಟು ಹಿಂದೆ ಸರಿಯುತ್ತದೆ ಎಂದು ದಂಡೆಯ ಮರಗಳ ವಯಸ್ಸನ್ನು ಲೆಕ್ಕ ಹಾಕಿ ಅಂದಾಜು ಮಾಡಿದರು. ಗುಂಡಿ ಕಂಡರೆ ಅದು ಹೇಗಾಯಿತೆಂದು ಅಳೆದು ನೋಡುವ ಚಾಳಿ ಆಗಿನಿಂದ ಕೊನೆಯವರೆಗೂ ಬಿಡಲಿಲ್ಲ.

1869ರಲ್ಲಿ ಒಹಾಯೊ ರಾಜ್ಯದ ಸರ್ವೇಕ್ಷಣೆ, 1871ರಿಂದ ಪಶ್ಚಿಮದ ಮರುಭೂಮಿಗಳಲ್ಲಿ ಸೇನೆಯ ಸರ್ವೇಕ್ಷಣೆ, 1875ರಿಂದ ಜಾನ್ ವೆಸ್ಲಿ ಪೊವೆಲ್ ಅವರ ತಂಡ, 1879ರಲ್ಲಿ ಹೊಸದಾಗಿ ಹುಟ್ಟಿದ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ. ಯೂಟಾದ ಹೆನ್ರಿ ಪರ್ವತಗಳಲ್ಲಿ ಕರಗಿದ ಶಿಲಾರಸ ಹೊರಗೆ ಉಕ್ಕದೆ, ಮೇಲಿನ ಪದರಗಳನ್ನು ಉಬ್ಬಿದ ರೊಟ್ಟಿಯಂತೆ ಎತ್ತಿದ್ದನ್ನು ತೋರಿಸಿದರು. ಈಗ ಗ್ರೇಟ್ ಸಾಲ್ಟ್ ಲೇಕ್ ಇರುವಲ್ಲಿ ಹಿಂದೆ ಬಾನ್‌ವಿಲ್ ಎಂಬ ಬಹು ದೊಡ್ಡ ಸರೋವರವಿತ್ತೆಂದೂ, ಅದರ ನೀರು ಇಳಿದ ಮೇಲೆ ಭಾರ ಕಳೆದುಕೊಂಡ ನೆಲ ಮೇಲಕ್ಕೆ ಎದ್ದಿದೆಯೆಂದೂ ಹಳೆಯ ದಡದ ಗುರುತುಗಳನ್ನು ಅಳೆದು ಸಾಧಿಸಿದರು. ಅವರ ಹೆಸರು ಇಂದಿಗೂ ನಿಂತಿರುವುದು ಹೆಚ್ಚಾಗಿ ಈ ಎರಡು ಕೆಲಸಗಳಿಂದ. ಮನೆಯಲ್ಲಿ ಮಾತ್ರ ಸುಖ ಕಡಿಮೆ. 1883ರಲ್ಲಿ ಪುಟ್ಟ ಮಗಳು ಡಿಫ್ತೀರಿಯಾದಿಂದ ತೀರಿಕೊಂಡಳು. ಹೆಂಡತಿ ಫ್ಯಾನಿ ಅವರ ಆರೋಗ್ಯ ಮತ್ತೆ ಸುಧಾರಿಸಲಿಲ್ಲ.

ನಮ್ಮ ವಿಷಯ ಶುರುವಾಗುವುದು 1891ರ ಆಗಸ್ಟ್‌ನಲ್ಲಿ. ವಾಷಿಂಗ್ಟನ್ನಿನಲ್ಲಿ ನಡೆದ ವಿಜ್ಞಾನ ಸಮ್ಮೇಳನವೊಂದರಲ್ಲಿ ಖನಿಜ ವ್ಯಾಪಾರಿಯೊಬ್ಬರು ಆರಿಜೋನಾದ ಕೂನ್ ಬೆಟ್ಟ ಎಂಬಲ್ಲಿ ಸಿಕ್ಕಿದ ಕಬ್ಬಿಣದ ಉಲ್ಕಾತುಣುಕುಗಳ ಬಗ್ಗೆ ಮಾತಾಡಿದರು. ಆ ತುಣುಕುಗಳು ಬಿದ್ದಿದ್ದದ್ದು ಸುಮಾರು 1.2 ಕಿಲೋಮೀಟರ್ ಅಗಲ, 170 ಮೀಟರ್ ಆಳದ ಒಂದು ಬೃಹತ್ ಕುಳಿಯ ಸುತ್ತ. ಸಭೆಯಲ್ಲಿ ಗಿಲ್ಬರ್ಟ್ ಇದ್ದರು. ಆಕಾಶದಿಂದ ಬಿದ್ದ ದೊಡ್ಡ ಕಾಯವೇ ಆ ಕುಳಿಯನ್ನು ಮಾಡಿರಬಹುದೇ ಎಂಬ ಯೋಚನೆ ಅವರಿಗೆ ಹೊಳೆಯಿತು. ಹಾಗೆ ಹೊಳೆಯಲು ಕಾರಣವೂ ಇತ್ತು. ಭೂಮಿಯಂಥ ಗ್ರಹಗಳು ಚಿಕ್ಕ ಕಾಯಗಳು ಒಂದಕ್ಕೊಂದು ಬಡಿದು ಕೂಡಿಕೊಂಡು ಬೆಳೆದವು ಎಂಬ ವಿಚಾರ ಅವರ ಮನಸ್ಸಿನಲ್ಲಿತ್ತು. ಹಾಗಿದ್ದರೆ ಕೊನೆಕೊನೆಗೆ ಬಿದ್ದವುಗಳ ಗುರುತು ಎಲ್ಲಾದರೂ ಉಳಿದಿರಬೇಕಲ್ಲ.

ಅದೇ ವರ್ಷ ಮಾರ್ಕಸ್ ಬೇಕರ್ ಎಂಬ ಸಹೋದ್ಯೋಗಿಯೊಂದಿಗೆ ಅವರೇ ಅಲ್ಲಿಗೆ ಹೋದರು. ಎದುರಿಗೆ ಎರಡು ಊಹೆಗಳು. ಒಂದು, ಆಕಾಶಕಾಯದ ಬಡಿತ. ಇನ್ನೊಂದು, ನೆಲದಡಿಯ ಬಿಸಿಯಿಂದ ಎದ್ದ ಆವಿಯ ಸ್ಫೋಟ. ಹತ್ತಿರದಲ್ಲೇ ಜ್ವಾಲಾಮುಖಿಗಳ ಒಂದು ದೊಡ್ಡ ಪ್ರದೇಶವಿದ್ದುದರಿಂದ ಎರಡನೆಯದನ್ನು ತಳ್ಳಿಹಾಕುವಂತಿರಲಿಲ್ಲ. ಒಂದನ್ನು ಉಳಿಸಿ ಇನ್ನೊಂದನ್ನು ಬಿಡಿಸುವ ಎರಡು ಪರೀಕ್ಷೆಗಳನ್ನು ಅವರು ಹೊರಡುವ ಮೊದಲೇ ಗೊತ್ತುಮಾಡಿಕೊಂಡಿದ್ದರು.

ಮೊದಲ ಪರೀಕ್ಷೆಯನ್ನು ನಮ್ಮ ಮಕ್ಕಳಿಗೆ ಹೀಗೆ ಹೇಳಬಹುದು. ಹೊಲದಲ್ಲಿ ಗುಂಡಿ ತೋಡಿ ಮಣ್ಣನ್ನು ಅಂಚಿಗೆ ಹಾಕಿದ್ದೇವೆ. ಗುಂಡಿಯೊಳಗೆ ಒಂದು ರುಬ್ಬುವ ಗುಂಡು ಇಟ್ಟು ಮಣ್ಣು ತುಂಬಿದರೆ ಒಂದಷ್ಟು ಮಣ್ಣು ಮಿಗುತ್ತದೆ. ಏನೂ ಇಡದೆ ತುಂಬಿದರೆ ಮಿಗುವುದಿಲ್ಲ. ಕುಳಿಯ ತಳದಲ್ಲಿ ಕಬ್ಬಿಣದ ಕಾಯ ಹೂತಿದ್ದರೆ ಅಂಚಿನ ದಿಬ್ಬದ ಮಣ್ಣು ಕುಳಿಯ ಗಾತ್ರಕ್ಕಿಂತ ಹೆಚ್ಚಿರಬೇಕು. ಅವರು ಅಳೆದರು. ಎರಡೂ ಸುಮಾರು 8 ಕೋಟಿ 20 ಲಕ್ಷ ಘನ ಗಜ, ಸರಿಸಮ. ಎರಡನೆಯದು ದಿಕ್ಸೂಚಿಯ ಪರೀಕ್ಷೆ. ಅಷ್ಟು ಕಬ್ಬಿಣ ಕೆಳಗಿದ್ದರೆ ಮುಳ್ಳು ಅಲುಗಬೇಕು. ಅಲುಗಲಿಲ್ಲ. ತಮಗೆ ಪ್ರಿಯವಾಗಿದ್ದ ಊಹೆಯನ್ನು ಅವರು ಕೈಬಿಟ್ಟರು. ಆವಿಯ ಸ್ಫೋಟ ಎಂದು ತೀರ್ಮಾನಿಸಿದರು.

ಅಳತೆ ಸರಿಯಾಗಿತ್ತು, ತೀರ್ಮಾನ ತಪ್ಪಾಗಿತ್ತು. ಅದು ನಿಜಕ್ಕೂ ಬಡಿತದ ಕುಳಿಯೇ. ಸುಮಾರು 50 ಸಾವಿರ ವರ್ಷಗಳ ಹಿಂದೆ ಬಿದ್ದ ಕಬ್ಬಿಣದ ಕಾಯದ ಬಹುಭಾಗ ಬಡಿದ ಕ್ಷಣದಲ್ಲೇ ಕರಗಿ, ಆವಿಯಾಗಿ, ಚೂರಾಗಿ ಚದುರಿಹೋಗಿತ್ತು. ಕೆಳಗೆ ಹೂತು ಉಳಿದದ್ದೇ ಇಲ್ಲದ ಮೇಲೆ ಮಣ್ಣು ಮಿಗುವುದೆಲ್ಲಿಂದ, ಮುಳ್ಳು ಅಲುಗುವುದೆಲ್ಲಿಂದ. ಆ ವೇಗದಲ್ಲಿ ಬಡಿದ ವಸ್ತುವಿಗೆ ಏನಾಗುತ್ತದೆಂದು 1891ರಲ್ಲಿ ಯಾರೂ ಲೆಕ್ಕ ಹಾಕಿರಲಿಲ್ಲ. ಬ್ಯಾರಿಂಜರ್ ಎಂಬ ಗಣಿ ಉದ್ಯಮಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಡಿತವೇ ಸರಿ ಎಂದು ಹಟ ಹಿಡಿದರು. ಆದರೆ ಕಬ್ಬಿಣ ಕೆಳಗೇ ಇದೆ ಎಂದು ನಂಬಿ 1929ರಲ್ಲಿ ಸಾಯುವವರೆಗೆ ಕೊರೆಸಿ ಹಣ ಕಳೆದುಕೊಂಡರು. ತೀರ್ಮಾನ ಸರಿ, ಕಾರಣ ತಪ್ಪು. 1960ರಲ್ಲಿ ಯೂಜೀನ್ ಶೂಮೇಕರ್ ಮತ್ತು ಸಂಗಡಿಗರು ಅಲ್ಲಿನ ಕಲ್ಲಿನಲ್ಲಿ ಅಪಾರ ಒತ್ತಡದಲ್ಲಿ ಮಾತ್ರ ಆಗುವ ಕೊಯೆಸೈಟ್ ಎಂಬ ಖನಿಜವನ್ನು ತೋರಿಸಿದ ಮೇಲೆ ವಾದ ಮುಗಿಯಿತು.

ಇಷ್ಟಾದರೂ ಗಿಲ್ಬರ್ಟ್ ಕುಳಿಗಳನ್ನು ಬಿಡಲಿಲ್ಲ. ನೆಲದ ಮೇಲೆ ಸಿಗದ್ದನ್ನು ಚಂದ್ರನ ಮೇಲೆ ಹುಡುಕಿದರು. 1892ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ವಾಷಿಂಗ್ಟನ್ನಿನ ನೌಕಾ ವೀಕ್ಷಣಾಲಯದ ದೊಡ್ಡ ದೂರದರ್ಶಕದಲ್ಲಿ ಹದಿನೆಂಟು ರಾತ್ರಿ ಚಂದ್ರನನ್ನು ನೋಡಿದರು. ಆ ವರ್ಷ ಇಲಾಖೆಯ ಹಣಕ್ಕೆ ಸಂಸತ್ತಿನಲ್ಲಿ ಕತ್ತರಿ ಬಿದ್ದಿತ್ತು. ಈ ಇಲಾಖೆ ಎಷ್ಟು ದಂಡವೆಂದರೆ ಇದರ ದೊಡ್ಡ ವಿಜ್ಞಾನಿಯೊಬ್ಬರಿಗೆ ರಾತ್ರಿಯೆಲ್ಲ ಚಂದ್ರನನ್ನು ಬಾಯಿಬಿಟ್ಟು ನೋಡುವುದೇ ಕೆಲಸವಾಗಿದೆ ಎಂದು ಒಬ್ಬ ಸಂಸದರು ಹಂಗಿಸಿದ್ದೂ ಉಂಟು.

ಆ ಹದಿನೆಂಟು ರಾತ್ರಿಗಳ ಫಲ ಚಂದ್ರನ ಮುಖವನ್ನು ಕುರಿತ ಅವರ ಪ್ರಬಂಧ, 1893ರಲ್ಲಿ ಅಚ್ಚಾಯಿತು. ಚಂದ್ರನ ಕುಳಿಗಳು ಆರಿದ ಜ್ವಾಲಾಮುಖಿಗಳು ಎಂಬುದು ಆಗ ಹೆಚ್ಚಿನವರ ನಂಬಿಕೆ. ಗಿಲ್ಬರ್ಟ್ ಆಕಾರವನ್ನೇ ಸಾಕ್ಷಿಗೆ ಕರೆದರು. ಭೂಮಿಯ ಜ್ವಾಲಾಮುಖಿಯ ಬಾಯಿ ಬೆಟ್ಟದ ತುದಿಯಲ್ಲಿರುತ್ತದೆ, ಅದರ ತಳ ಸಾಮಾನ್ಯವಾಗಿ ಸುತ್ತಲ ನೆಲಕ್ಕಿಂತ ಎತ್ತರ. ಚಂದ್ರನ ಕುಳಿಗಳ ತಳ ಸುತ್ತಲ ನೆಲಕ್ಕಿಂತ ಕೆಳಗೆ. ಜ್ವಾಲಾಮುಖಿಗಳ ಬಾಯಿ ಕೆಲವೇ ಕಿಲೋಮೀಟರ್ ಅಗಲ, ಚಂದ್ರನ ಕುಳಿಗಳು ನೂರಾರು ಕಿಲೋಮೀಟರ್‌ವರೆಗೆ ಬೆಳೆಯುತ್ತವೆ. ಮೆತ್ತನೆಯ ಜೇಡಿಮಣ್ಣಿಗೆ ಉಂಡೆಗಳನ್ನು ಬೀಳಿಸಿ, ಗುಂಡು ಹಾರಿಸಿ ತಾವೇ ಪರೀಕ್ಷೆ ಮಾಡಿದರು.

ಅದಕ್ಕಿಂತ ದೊಡ್ಡದನ್ನೂ ಕಂಡರು. ಚಂದ್ರನ ಹಲವು ಬೆಟ್ಟಗಳ ಮೇಲೆ ನೇಗಿಲು ಗೀರಿದಂತೆ ನೇರ ಗೆರೆಗಳಿವೆ. ಗಿಲ್ಬರ್ಟ್ ಆ ಗೆರೆಗಳನ್ನು ಹಿಂದಕ್ಕೆ ಎಳೆದು ನೋಡಿದಾಗ ಅವು ಮಳೆಗಳ ಸಮುದ್ರ ಎಂದು ಕರೆಯುವ ಇಂಬ್ರಿಯಂ ಬಯಲಿನ ಕಡೆಗೆ ಬೊಟ್ಟು ಮಾಡುತ್ತಿದ್ದವು. ನಾವು ಬರಿಗಣ್ಣಿನಲ್ಲಿ ಕಾಣುವ ಚಂದ್ರನ ಕಪ್ಪು ಮಚ್ಚೆಗಳಲ್ಲಿ ಅದೂ ಒಂದು. ಅಲ್ಲಿ ಒಮ್ಮೆ ಬಹು ದೊಡ್ಡ ಕಾಯವೊಂದು ಬಡಿದು, ಅದರ ರಭಸಕ್ಕೆ ಎದ್ದ ಕಲ್ಲು, ಕೆಸರು, ದ್ರವಗಳ ಪ್ರವಾಹ ಅರ್ಧ ಚಂದ್ರನನ್ನು ಗೀಚಿಹಾಕಿದೆ ಎಂದು ಅವರು ಬರೆದರು. ಆ ಪಾತ್ರೆಯ ಅಗಲ ಸುಮಾರು 1,150 ಕಿಲೋಮೀಟರ್, ಬೆಂಗಳೂರಿನಿಂದ ಮುಂಬಯಿಗಿರುವ ರಸ್ತೆಗಿಂತ ಉದ್ದ. 1971ರಲ್ಲಿ ಅಪೊಲೊ 14 ಇಳಿದದ್ದು ಆ ಬಡಿತದಿಂದ ಹಾರಿ ಬಿದ್ದ ಕಲ್ಲುಗಳನ್ನು ತರಲೆಂದೇ. ಈಗಿನ ಲೆಕ್ಕದಲ್ಲಿ ಅದು ನಡೆದದ್ದು ಸುಮಾರು 390 ಕೋಟಿ ವರ್ಷಗಳ ಹಿಂದೆ. ಹಾಸನ ಜಿಲ್ಲೆಯ ಗೊರೂರಿನ ಸುತ್ತಲ ಶಿಲೆಗಳು ನಮ್ಮ ರಾಜ್ಯದ ಅತಿ ಹಳೆಯ ಶಿಲೆಗಳ ಸಾಲಿನವು. ಅವುಗಳ ವಯಸ್ಸು ಸುಮಾರು 330 ಕೋಟಿ ವರ್ಷ. ಅವು ಹುಟ್ಟುವ ಹೊತ್ತಿಗೆ ಚಂದ್ರನ ಆ ಮಚ್ಚೆ ಆಗಲೇ ಅರವತ್ತು ಕೋಟಿ ವರ್ಷ ಹಳೆಯದು. ಭೂಮಿಗೂ ಅದೇ ಕಾಲದಲ್ಲಿ ಅಂಥ ಏಟುಗಳು ಬಿದ್ದವು. ಮಳೆ, ನದಿ, ನೆಲದ ಪದರಗಳ ಚಲನೆ ಅವನ್ನೆಲ್ಲ ಅಳಿಸಿಬಿಟ್ಟಿವೆ. ಚಂದ್ರನಲ್ಲಿ ಅಳಿಸುವ ಕಾವೇರಿ ಇಲ್ಲ.

ಇನ್ನು ನನ್ನ ವಿದ್ಯಾರ್ಥಿಯ ಪ್ರಶ್ನೆ. ಗಿಲ್ಬರ್ಟರ ಜೇಡಿಮಣ್ಣಿನಲ್ಲೂ ಓರೆಯಾಗಿ ಬಿದ್ದ ಗುಂಡು ಉದ್ದನೆಯ ಕುಳಿಯನ್ನೇ ಮಾಡಿತು. ಸೂರ್ಯನನ್ನು ಸುತ್ತುವ ಉಲ್ಕೆಗಳಾದರೆ ಎಲ್ಲ ಕೋನಗಳಲ್ಲೂ ಬಂದು ಬೀಳಬೇಕು, ಹೆಚ್ಚಿನ ಕುಳಿಗಳು ಉದ್ದಕ್ಕಿರಬೇಕು. ಅವು ದುಂಡಗಿವೆ. ಅವರು ಆ ತೊಡಕನ್ನು ಮುಚ್ಚಿಡದೆ ಮೇಜಿನ ಮೇಲೇ ಇಟ್ಟರು. ಅದಕ್ಕೊಂದು ದಾರಿಯನ್ನೂ ಹುಡುಕಿದರು. ಶನಿಗ್ರಹಕ್ಕೆ ಇರುವಂತೆ ಒಮ್ಮೆ ಭೂಮಿಯ ಸುತ್ತ ಸಣ್ಣ ಕಾಯಗಳ ಉಂಗುರವಿತ್ತು, ಅವು ಕೂಡಿಕೊಂಡು ಚಂದ್ರನಾಯಿತು. ಒಂದೇ ದಿಕ್ಕಿನಲ್ಲಿ ಸುತ್ತುತ್ತಿದ್ದ ಉಳಿದ ತುಣುಕುಗಳು ನಿಧಾನವಾಗಿ, ಬಹುಮಟ್ಟಿಗೆ ನೆಟ್ಟಗೆ ಅದರ ಮೇಲೆ ಬಿದ್ದವು. ಆದ್ದರಿಂದ ದುಂಡು.

ಇದೂ ತಪ್ಪು. ನಿಜವಾದ ಉತ್ತರ ನನ್ನ ಕರಿಹಲಗೆಯ ಮೇಲೇ ಇತ್ತು, ನನಗೇ ಕಾಣಲಿಲ್ಲ: ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣ. ಹುಡುಗ ಎಸೆದ ಗೋಲಿ ಸೆಕೆಂಡಿಗೆ 10 ಮೀಟರ್ ಹೋಗಿತ್ತೆಂದುಕೊಳ್ಳೋಣ. ಆಕಾಶದಿಂದ ಬರುವ ಕಲ್ಲು ಸೆಕೆಂಡಿಗೆ 15 ಕಿಲೋಮೀಟರ್ ವೇಗದಲ್ಲಿ ಬಡಿದರೆ ವೇಗ 1,500 ಪಟ್ಟು, ಶಕ್ತಿ ಕಿಲೋಗ್ರಾಂಗೆ 22 ಲಕ್ಷದ 50 ಸಾವಿರ ಪಟ್ಟು. ಒಂದು ಕಿಲೋ ಕಲ್ಲಿನಲ್ಲಿ 25 ಕಿಲೋಗೂ ಹೆಚ್ಚು ಟಿಎನ್‌ಟಿ ಸಿಡಿಮದ್ದಿನ ಶಕ್ತಿ. ಅದು ನೆಲವನ್ನು ಒತ್ತಿ ಗುಂಡಿ ಮಾಡುವುದಿಲ್ಲ, ನೆಲದೊಳಗೆ ಹೊಕ್ಕು ಸಿಡಿಯುತ್ತದೆ. ಪಟಾಕಿಯನ್ನು ಮರಳಿಗೆ ಯಾವ ಕಡೆಯಿಂದ ಉರುಳಿಸಿದರೂ ಸಿಡಿದ ಗುಂಡಿ ದುಂಡಗೇ ಇರುವಂತೆ, ತೀರಾ ಸವರಿಕೊಂಡು ಹೋಗುವಷ್ಟು ಓರೆಯಾದ ಬಡಿತ ಬಿಟ್ಟರೆ ಉಳಿದೆಲ್ಲ ಕುಳಿಗಳೂ ದುಂಡಗೇ ಆಗುತ್ತವೆ. (ಪಟಾಕಿಯನ್ನು ತರಗತಿಯಲ್ಲಿ ಮಾಡಿ ತೋರಿಸಬಾರದು ಎಂದು ಸಹಪಾಠಿಗಳಿಗೆ ಹೇಳಬೇಕಿಲ್ಲ ಎಂದುಕೊಂಡಿದ್ದೇನೆ.) ಈ ವಿಚಾರ ಕೆಲವರಿಗೆ ಹೊಳೆದದ್ದು 1910ರ ದಶಕದಿಂದ ಈಚೆಗೆ. ಒಂದೇ ಅರಿವು ಇಲ್ಲದ್ದರಿಂದ ಗಿಲ್ಬರ್ಟ್ ಆರಿಜೋನಾದಲ್ಲೂ ತಪ್ಪಿದರು, ಚಂದ್ರನ ವಿಷಯದಲ್ಲೂ ಅರ್ಧ ತಪ್ಪಿದರು.

ಆರಿಜೋನಾದ ಕಥೆಯನ್ನು ಅವರು ಬಚ್ಚಿಡಲಿಲ್ಲ. 1896ರಲ್ಲಿ ಊಹೆಗಳು ಹುಟ್ಟುವ ಬಗೆಯನ್ನು ಕುರಿತು ಬರೆದ ಲೇಖನದಲ್ಲಿ, ತಾವು ಏನನ್ನು ನಿರೀಕ್ಷಿಸಿ ಹೋದರು, ಯಾವ ಅಳತೆ ಅದನ್ನು ಕೆಡವಿತು, ಯಾವ ಸಂದೇಹಗಳು ಇನ್ನೂ ಉಳಿದಿವೆ ಎಂದು ಹೆಜ್ಜೆ ಹೆಜ್ಜೆಯಾಗಿ ಹೇಳಿ, ಬಾಗಿಲನ್ನು ತೆರೆದೇ ಇಟ್ಟರು. ಅದರಲ್ಲಿ ಆರಿಜೋನಾದ ಕುಳಿಯ ಜೊತೆ ಹೋಲಿಸಲು ಅವರು ನಮ್ಮ ದೇಶದ ಲೋಣಾರ್ ಸರೋವರವನ್ನೂ ತಂದಿದ್ದಾರೆ, ಅದೂ ಸ್ಫೋಟದ ಕುಳಿಯೆಂಬ ಎಣಿಕೆಯಲ್ಲಿ. ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರ್ ಕೂಡ ಬಡಿತದ ಕುಳಿಯೇ ಎಂದು 1970ರ ದಶಕದಲ್ಲಿ ಸಿದ್ಧವಾಯಿತು. ಅವರ ಹೋಲಿಕೆ ಮಾತ್ರ ಸರಿಯಾಗಿತ್ತು!

ಚಂದ್ರನ ಪ್ರಬಂಧವನ್ನು ಬಹಳ ಕಾಲ ಹೆಚ್ಚು ಜನ ಓದಲಿಲ್ಲ. ಅಚ್ಚಾದದ್ದು ಒಂದು ಸ್ಥಳೀಯ ಸಂಘದ ಸಂಚಿಕೆಯಲ್ಲಿ. ಖಗೋಳದವರು ಭೂವಿಜ್ಞಾನಿಯ ಬರಹವನ್ನು ನೋಡಲಿಲ್ಲ, ಭೂವಿಜ್ಞಾನಿಗಳಿಗೆ ಚಂದ್ರ ಬೇಕಿರಲಿಲ್ಲ. ಉಂಗುರ ಎಲ್ಲಿಂದ ಬಂತೆಂಬ ಪ್ರಶ್ನೆಗೂ ಅವರ ಬಳಿ ಉತ್ತರವಿರಲಿಲ್ಲ. 1946ರಲ್ಲಿ ರೆಜಿನಾಲ್ಡ್ ಡೇಲಿ ಎಂಬ ಇನ್ನೊಬ್ಬ ಭೂವಿಜ್ಞಾನಿ, ಗ್ರಹದಂಥ ಕಾಯವೊಂದು ಎಳೆಯ ಭೂಮಿಯನ್ನು ಓರೆಯಾಗಿ ಬಡಿದು ಚಂದ್ರನ ವಸ್ತುವನ್ನು ಎಬ್ಬಿಸಿರಬಹುದೆಂದು ಬರೆದರು. ಅದನ್ನೂ ಯಾರೂ ಓದಲಿಲ್ಲ. ಅಪೊಲೊ ಯಾತ್ರೆಗಳು 382 ಕಿಲೋ ಕಲ್ಲು ಮಣ್ಣು ತಂದ ಮೇಲೆ, 1975ರಲ್ಲಿ ಹಾರ್ಟ್‌ಮನ್ ಮತ್ತು ಡೇವಿಸ್ ಅದೇ ವಿಚಾರವನ್ನು ಮತ್ತೆ ಎತ್ತಿದರು. ಈಗ ಹೆಚ್ಚಿನವರು ಒಪ್ಪುವ ಚಿತ್ರ ಹೀಗಿದೆ. ಸುಮಾರು 450 ಕೋಟಿ ವರ್ಷಗಳ ಹಿಂದೆ ಮಂಗಳ ಗ್ರಹದಷ್ಟು ದೊಡ್ಡ ಕಾಯ, ಥಿಯಾ ಎಂದು ಅದಕ್ಕೆ ಹೆಸರಿಟ್ಟಿದ್ದಾರೆ, ಭೂಮಿಗೆ ಬಡಿಯಿತು. ಅದರ ಕಬ್ಬಿಣದ ಒಡಲು ಭೂಮಿಯೊಳಗೆ ಇಳಿಯಿತು, ಹೊರಗಿನ ಕಲ್ಲು ಕರಗಿ ಚಿಮ್ಮಿ ಭೂಮಿಯ ಸುತ್ತ ಹರಡಿತು, ಅದು ಕೂಡಿಕೊಂಡು ಚಂದ್ರನಾಯಿತು. ಚಂದ್ರನಲ್ಲಿ ಕಬ್ಬಿಣ ಕಡಿಮೆ ಇರುವುದು, ಅಲ್ಲಿನ ಕಲ್ಲಿನ ಆಕ್ಸಿಜನ್ ಐಸೊಟೋಪುಗಳು ಭೂಮಿಯವುಗಳಂತೆಯೇ ಇರುವುದು ಇದಕ್ಕೆ ಸಾಕ್ಷಿ. ಭೂಮಿ ಆಗ ಐದಾರು ಗಂಟೆಗೊಮ್ಮೆ ತಿರುಗುತ್ತಿದ್ದಿರಬೇಕು, ಚಂದ್ರನ ಸೆಳೆತ ನಿಧಾನಿಸಿ ನಿಧಾನಿಸಿ ದಿನ 24 ಗಂಟೆಗೆ ಬಂದಿದೆ. ಗಿಲ್ಬರ್ಟರ ಉಂಗುರ ಬೇರೆ ದಾರಿಯಿಂದ ಮರಳಿ ಬಂದಿತ್ತು.

2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದಾಗ ನಮ್ಮ ಶಾಲಾ ಕಾಲೇಜುಗಳಲ್ಲೆಲ್ಲ ಟಿ.ವಿ. ಹಾಕಿದ್ದರು. ಸಿಹಿ ಹಂಚಿದ್ದು ಎಲ್ಲರಿಗೂ ನೆನಪಿದೆ. ಮರುವರ್ಷ ಪ್ರಕಟವಾದ ಫಲಿತಾಂಶ ಅಷ್ಟು ಸುದ್ದಿಯಾಗಲಿಲ್ಲ. ಪ್ರಜ್ಞಾನ್ ರೋವರ್ ಅಳೆದ ಮಣ್ಣು, ಚಂದ್ರ ಒಮ್ಮೆ ಕರಗಿದ ಶಿಲೆಯ ಕಡಲಾಗಿತ್ತೆಂಬ ವಿಚಾರಕ್ಕೆ ಹೊಂದುತ್ತದೆ. ಹಗುರ ಖನಿಜ ಮೇಲೆ ತೇಲಿ ಹೆಪ್ಪುಗಟ್ಟಿದ ತೊಗಟೆಯೇ ಅದು. ಜೊತೆಗೆ ಆಳದ ಪದರಗಳ ಒಂದಷ್ಟು ವಸ್ತುವೂ ಬೆರೆತಿದೆ. ದಕ್ಷಿಣ ಧ್ರುವದ ಬಳಿಯ, ಸುಮಾರು 2,500 ಕಿಲೋಮೀಟರ್ ಅಗಲದ ಏಟ್ಕನ್ ಪಾತ್ರೆಯನ್ನು ಕೊರೆದ ಇನ್ನೊಂದು ಮಹಾಬಡಿತ ಅದನ್ನು ಎಬ್ಬಿಸಿರಬೇಕೆಂದು ವಿಜ್ಞಾನಿಗಳ ಊಹೆ.

ಗಿಲ್ಬರ್ಟ್ ಮುಂದೆ ಚಂದ್ರನ ಬಗ್ಗೆ ಹೆಚ್ಚು ಬರೆಯಲಿಲ್ಲ. ಅಲಾಸ್ಕಾದ ಹಿಮನದಿಗಳು, 1906ರ ಸ್ಯಾನ್‌ಫ್ರಾನ್ಸಿಸ್ಕೊ ಭೂಕಂಪ, ಚಿನ್ನದ ಗಣಿಗಳು ಕ್ಯಾಲಿಫೋರ್ನಿಯಾದ ನದಿಗಳಿಗೆ ಸುರಿದ ಹೂಳು, ಇವೇ ಕೊನೆಯ ವರ್ಷಗಳ ಕೆಲಸ. ಹರಿಯುವ ನೀರು ಎಷ್ಟು ಮರಳು ಹೊರುತ್ತದೆಂದು ಬರ್ಕ್ಲಿಯಲ್ಲಿ ಮರದ ಕಾಲುವೆ ಕಟ್ಟಿಸಿ ಅಳೆದರು. 1918ರ ಮೇ 1ರಂದು, ಎಪ್ಪತ್ತೈದು ತುಂಬಲು ಐದು ದಿನವಿರುವಾಗ ತೀರಿಕೊಂಡರು. ಅದು ಅಕ್ಕನ ಮನೆಯಲ್ಲಿ, ಮಿಷಿಗನ್ನಿನ ಜಾಕ್ಸನ್‌ನಲ್ಲಿ. ಹತ್ತೊಂಬತ್ತರ ವಯಸ್ಸಿನಲ್ಲಿ ಮೇಷ್ಟ್ರ ಕೆಲಸ ಬಿಟ್ಟು ಬಂದಿದ್ದ ಅದೇ ಊರು. ಚಂದ್ರನ ಪೂರ್ವದ ಅಂಚಿನ ಒಂದು ಕುಳಿಗೆ ಗಿಲ್ಬರ್ಟ್ ಎಂದು ಹೆಸರಿದೆ. ಆ ಹೆಸರನ್ನು ಅವರು ಕಾಂತಗಳನ್ನು ಕುರಿತು ಬರೆದ ಹಳೆಯ ವಿಲಿಯಂ ಗಿಲ್ಬರ್ಟ್ ಜೊತೆ ಹಂಚಿಕೊಂಡಿದ್ದಾರೆ. ದಿಕ್ಸೂಚಿಯ ಮುಳ್ಳು ಅಲುಗದೆ ಮೋಸಹೋದವರಿಗೆ ಒಳ್ಳೆಯ ಜೊತೆ.

ಬೋಧನಾಭ್ಯಾಸದ ಕೊನೆಯ ವಾರ ಒಂದು ಬದಲಿ ಅವಧಿ ಸಿಕ್ಕಿತು. ಬಾಂಡ್ಲಿಯನ್ನು ಮತ್ತೆ ತಂದೆ. ಹಿಂದೆ ನಾನು ಹೇಳಿದ ಉತ್ತರ ತಪ್ಪು ಎಂದು ಮೊದಲೇ ಹೇಳಿ, ಆ ಹುಡುಗನನ್ನು ಕರೆದು ಗೋಲಿ ಕೊಟ್ಟು ಓರೆಯಾಗಿ ಎಸೆಸಿ, ಗಿಲ್ಬರ್ಟರ ಕಥೆ ಹೇಳಿದೆ. ವೇಗದ ಲೆಕ್ಕವನ್ನು ಹಲಗೆಯ ಮೇಲೆ ಮಕ್ಕಳೇ ಮಾಡಿದರು. 22,50,000 ಬಂದಾಗ ಸೊನ್ನೆ ಹೆಚ್ಚಾಗಿದೆ ಎಂದು ಇಬ್ಬರು ಅಳಿಸಲು ಹೊರಟರು. ಹುಡುಗ ಮಾತ್ರ ಗೋಲಿ ಹಿಂದಕ್ಕೆ ಕೊಡುತ್ತ, ಭೂಮಿಗೆ ಬಡಿದ ಥಿಯಾ ಓರೆಯಾಗಿ ಬಡಿಯಿತೋ ನೆಟ್ಟಗೆ ಬಡಿಯಿತೋ ಎಂದು ಕೇಳಿದ. ಓರೆಯಾಗಿ ಎಂದು ಹೆಚ್ಚಿನವರು ಹೇಳುತ್ತಾರೆ, ಎಷ್ಟು ಓರೆ ಎಂಬುದು ಇನ್ನೂ ಲೆಕ್ಕ ನಡೆಯುತ್ತಿದೆ, ನನಗೂ ಗೊತ್ತಿಲ್ಲ ಎಂದೆ. ಬಾಂಡ್ಲಿ ಈಗಲೂ ಆ ಶಾಲೆಯ ಪ್ರಯೋಗಾಲಯದ ಮೂಲೆಯಲ್ಲಿದೆ.